ಕ್ರಾಕೋವ್‌ನ ಎಪಿಫನಿ ಸಮ್ಮೇಳನ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಕಣ ಭೌತಶಾಸ್ತ್ರ ಸಮ್ಮೇಳನದ ಬಗ್ಗೆ ವಿದ್ಯಾರ್ಥಿಗಳು, ಅವರ ತಂದೆತಾಯಿಗಳು, ವಿಜ್ಞಾನ ಓದುವ ಹವ್ಯಾಸವಿರುವವರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಭೌತಶಾಸ್ತ್ರದ ಪರಿಚಯವಿಲ್ಲದವರು ಮೊದಲಿನಿಂದ ಓದಲಿ. ಸಂಶೋಧನೆಯಲ್ಲಿ ತೊಡಗಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ನಷ್ಟವಿಲ್ಲ.

## ಮೊದಲ ಪರಿಚಯ

ಭೌತಶಾಸ್ತ್ರದ ಸಮ್ಮೇಳನಕ್ಕೆ ಕ್ರೈಸ್ತರ ಹಬ್ಬದ ಹೆಸರು ಏಕೆ? ಇದನ್ನು ಚರ್ಚಿನವರು ನಡೆಸುತ್ತಾರೆಯೇ?

ಇಲ್ಲ, ಚರ್ಚಿಗೂ ಇದಕ್ಕೂ ಸಂಬಂಧವಿಲ್ಲ. ಎಪಿಫನಿ ಜನವರಿ 6ರ ಹಬ್ಬ. ನಕ್ಷತ್ರದ ಜಾಡು ಹಿಡಿದು ಪೂರ್ವದಿಂದ ಬಂದ ಮೂವರು ಜ್ಞಾನಿಗಳು ಶಿಶು ಯೇಸುವನ್ನು ಕಂಡ ದಿನವೆಂದು ಅದನ್ನು ಆಚರಿಸುತ್ತಾರೆ. ಪೋಲೆಂಡಿನವರ ಬಾಯಲ್ಲಿ ಅದು ಮೂವರು ರಾಜರ ಹಬ್ಬ. ಮೊದಲ ಸಮ್ಮೇಳನ 1995ರ ಜನವರಿ 5 ಮತ್ತು 6ರಂದು ನಡೆಯಿತು. ಹಬ್ಬದ ಹೆಸರು ಸಭೆಗೂ ಬಂತು.

ಇದರಲ್ಲೊಂದು ತಮಾಷೆ ಇದೆ. ಆ ಹೊತ್ತಿಗೆ ಪೋಲೆಂಡಿನಲ್ಲಿ ಜನವರಿ 6 ಸಾರ್ವಜನಿಕ ರಜೆಯೇ ಆಗಿರಲಿಲ್ಲ. ಕಮ್ಯುನಿಸ್ಟ್ ಸರ್ಕಾರ 1960ರಲ್ಲಿ ಕಿತ್ತುಹಾಕಿದ್ದ ಆ ರಜೆ ಮರಳಿ ಬಂದದ್ದು 2011ರಲ್ಲಿ. ಈಚಿನ ವರ್ಷಗಳಲ್ಲಿ ಸಮ್ಮೇಳನವೇ ಹಬ್ಬದ ಮುಂದಿನ ವಾರಗಳಿಗೆ ಸರಿದಿದೆ. 2023ರಲ್ಲಿ ಅದು ಜನವರಿ 16ರಂದು ಆರಂಭವಾಯಿತು, 2024ರಲ್ಲಿ 8ರಂದು. ಹೆಸರನ್ನು ನಂಬಿ 6ನೇ ತಾರೀಖಿಗೆ ವಿಮಾನದ ಟಿಕೆಟ್ ತೆಗೆಯಬೇಡಿ.

ಇದನ್ನು ನಡೆಸುವವರು ಯಾರು? ಕ್ರಾಕೋವ್ ವಿಶ್ವವಿದ್ಯಾಲಯವೇ?

ಮುಖ್ಯ ಹೊಣೆ ಹೆನ್ರಿಕ್ ನ್ಯೆವೊದ್ನಿಚಾಂಸ್ಕಿ ಅವರ ಹೆಸರಿನ ಪರಮಾಣು ಬೀಜ ಭೌತಶಾಸ್ತ್ರ ಸಂಸ್ಥೆಯದು. ಅದು ಪೋಲಿಷ್ ವಿಜ್ಞಾನ ಅಕಾಡೆಮಿಗೆ ಸೇರಿದ ಸಂಸ್ಥೆ. ಯಾಗೆಲೋನಿಯನ್ ವಿಶ್ವವಿದ್ಯಾಲಯದ ಅಂಗವಲ್ಲ. ಆದರೆ ಊರು ಒಂದೇ. ಅಲ್ಲಿ ಓದಿದವರು ಇಲ್ಲಿ ಸಂಶೋಧಕರು, ಇಲ್ಲಿಯವರು ಅಲ್ಲಿ ಪಾಠ ಹೇಳುವವರು. ಗೋಡೆಯ ಮೇಲಿನ ಫಲಕ ಬೇರೆಯಾದರೂ ಬಳಗ ಬಹುಮಟ್ಟಿಗೆ ಒಂದೇ.

ಕ್ರಾಕೋವ್ ಎಂದರೆ ನಮಗೆ ಆಶ್ವಿಟ್ಜ್‌ಗೆ ಹೋಗುವ ದಾರಿ ಎಂದಷ್ಟೇ ಗೊತ್ತು. ಅಲ್ಲಿಗೆ ಭೌತಶಾಸ್ತ್ರ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉದ್ದದ ಉತ್ತರ ಬೇಕು. ಪೋಲೆಂಡಿನ ದೊರೆ ಮೂರನೆಯ ಕಾಸಿಮಿರ್ ಕ್ರಾಕೋವ್‌ನಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ್ದು 1364ರಲ್ಲಿ, ನಮ್ಮಲ್ಲಿ ವಿಜಯನಗರದ ಬುಕ್ಕರಾಯ ಆಳುತ್ತಿದ್ದ ಕಾಲ. ಮಧ್ಯ ಯುರೋಪಿನಲ್ಲಿ ಅದಕ್ಕಿಂತ ಹಳೆಯದು ಪ್ರಾಗ್ ಮಾತ್ರ. ನಡುವೆ ಸೊರಗಿದ್ದ ಅದನ್ನು 1400ರಲ್ಲಿ ರಾಣಿ ಯಾದ್ವಿಗಾ ಬಿಟ್ಟುಹೋದ ಸಂಪತ್ತಿನಿಂದ ಆಕೆಯ ಪತಿ ಯಾಗೆಲ್ಲೊ ಮತ್ತೆ ಎತ್ತಿ ನಿಲ್ಲಿಸಿದ. ಈಗಿನ ಹೆಸರು ಆ ವಂಶದ್ದು. 1491ರಿಂದ 1495ರವರೆಗೆ ಇಲ್ಲಿ ಓದಿದ ಒಬ್ಬ ವಿದ್ಯಾರ್ಥಿ ಮುಂದೆ ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ವಾದಿಸಿದ: ನಿಕೋಲಸ್ ಕೋಪರ್ನಿಕಸ್.

ಕೋಪರ್ನಿಕಸ್‌ನ ಹೆಸರನ್ನು ಪ್ರವಾಸೋದ್ಯಮದವರೂ ಹೇಳುತ್ತಾರೆ. ಭೌತಶಾಸ್ತ್ರಜ್ಞರು ನೆನೆಯುವ ಇಸವಿ 1883. ಆ ವರ್ಷ ಜಿಗ್ಮುಂಟ್ ವ್ರುಬ್ಲೆವ್ಸ್ಕಿ ಮತ್ತು ಕರೋಲ್ ಓಲ್ಷೆವ್ಸ್ಕಿ ಇದೇ ಊರಿನಲ್ಲಿ ಆಮ್ಲಜನಕವನ್ನು, ಬಳಿಕ ಸಾರಜನಕವನ್ನು ದ್ರವವಾಗಿಸಿದರು. ಅದಕ್ಕೂ ಮುಂಚೆ ಬೇರೆಡೆ ಆಮ್ಲಜನಕದ ದ್ರವ ಮಂಜಿನಂತೆ ಕಂಡು ಮಾಯವಾಗಿತ್ತು. ಕೊಳವೆಯಲ್ಲಿ ನಿಂತು ಕುದಿಯುವ ದ್ರವವಾಗಿ ಅದನ್ನು ಹಿಡಿದಿಟ್ಟವರು ಇವರು. ಐದು ವರ್ಷದ ಬಳಿಕ ವ್ರುಬ್ಲೆವ್ಸ್ಕಿ ಪ್ರಯೋಗಾಲಯದಲ್ಲಿ ಸೀಮೆಎಣ್ಣೆ ದೀಪದ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಇಂದು ಜಿನೀವಾದ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಆಯಸ್ಕಾಂತಗಳು ಸೊನ್ನೆಗಿಂತ 271 ಡಿಗ್ರಿ ಕೆಳಗೆ ಕೆಲಸ ಮಾಡುವುದು ಅತಿಶೀತದ ತಂತ್ರದಿಂದ. ಆ ವಿದ್ಯೆಯ ಆರಂಭದ ಪುಟಗಳಲ್ಲಿ ಈ ಇಬ್ಬರಿದ್ದಾರೆ.

ಇನ್ನೊಂದು ದಿನಾಂಕ 1939ರ ನವೆಂಬರ್ 6. ನಗರವನ್ನು ಹಿಡಿದ ನಾಜಿಗಳು ಉಪನ್ಯಾಸವಿದೆಯೆಂದು ಪ್ರಾಧ್ಯಾಪಕರನ್ನು ಕರೆಸಿ, ಸಭಾಂಗಣದಲ್ಲೇ 180ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಬಹುತೇಕರನ್ನು ಜರ್ಮನಿಯ ಜಾಕ್ಸನ್‌ಹೌಸನ್ ಸೆರೆಶಿಬಿರಕ್ಕೆ ಸಾಗಿಸಿದರು, ಹಲವರು ಹಿಂತಿರುಗಲಿಲ್ಲ. ಯುದ್ಧ ಮುಗಿಯುವ ತನಕ ವಿಶ್ವವಿದ್ಯಾಲಯ ಗುಟ್ಟಾಗಿ, ಮನೆಗಳಲ್ಲಿ ನಡೆಯಿತು. ಯುದ್ಧಾನಂತರ ಭೌತಶಾಸ್ತ್ರವನ್ನು ಮತ್ತೆ ಕಟ್ಟಿದವರಲ್ಲಿ ಕೇಂಬ್ರಿಜ್‌ನಲ್ಲಿ ರುದರ್‌ಫರ್ಡ್‌ರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದಿದ್ದ ನ್ಯೆವೊದ್ನಿಚಾಂಸ್ಕಿ ಪ್ರಮುಖರು. ಸಮ್ಮೇಳನ ನಡೆಸುವ ಸಂಸ್ಥೆಯನ್ನು ಅವರು ಆರಂಭಿಸಿದ್ದು 1955ರಲ್ಲಿ.

ಅಲ್ಲಿ ಹೊಸ ಕಣ ಸಿಕ್ಕಿತು ಎಂಬ ಘೋಷಣೆ ಆಗುತ್ತದೆಯೇ? ಪತ್ರಿಕೆಯಲ್ಲಿ ಈ ಸಮ್ಮೇಳನದ ಹೆಸರನ್ನು ನಾನು ಓದಿಯೇ ಇಲ್ಲ.

ಓದದೇ ಇರುವುದು ಸಹಜ. ಹಿಗ್ಸ್ ಬೋಸಾನ್ ಸಿಕ್ಕ ಸುದ್ದಿ 2012ರ ಜುಲೈ 4ರಂದು ಎಲ್‌ಎಚ್‌ಸಿ ಇರುವ ಜಿನೀವಾದ ಸೆರ್ನ್ ಸಂಶೋಧನಾ ಕೇಂದ್ರದಲ್ಲಿಯೇ ಹೊರಬಿತ್ತು. ಅಂಥ ಘೋಷಣೆಗಳನ್ನು ಪ್ರಯೋಗ ನಡೆಸುವ ಕೇಂದ್ರಗಳೋ ಬೇಸಿಗೆಯ ಬೃಹತ್ ಸಮ್ಮೇಳನಗಳೋ ತಮಗೇ ಇಟ್ಟುಕೊಳ್ಳುತ್ತವೆ. ಕ್ರಾಕೋವ್‌ನ ಸಭೆ ಸುದ್ದಿ ಕೊಡುವ ಜಾಗವಲ್ಲ, ಬಂದ ಸುದ್ದಿಯನ್ನು ಕೆದಕಿ ನೋಡುವ ಜಾಗ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕಷ್ಟದ ಕೆಲಸ.

## ಸಭಾಂಗಣದ ಒಳಗೆ

ಪ್ರತಿ ವರ್ಷ ವಿಷಯ ಬದಲಾಗುತ್ತದಂತೆ. ಒಂದೇ ವಿಷಯಕ್ಕೆ ಅಂಟಿಕೊಂಡರೆ ಒಳ್ಳೆಯದಲ್ಲವೇ?

ವಿಷಯ ಬದಲಾಗುವುದರಲ್ಲೇ ಈ ಸಮ್ಮೇಳನದ ಸತ್ವ ಇರುವುದು. ಹಳೆಯ ವಿಷಯಗಳ ಪಟ್ಟಿಯನ್ನು ಒಮ್ಮೆ ಸಾಲಾಗಿ ನೋಡಿ. ಮೂರು ದಶಕಗಳ ಕಣ ಭೌತಶಾಸ್ತ್ರದ ದಿನಚರಿಯೇ ಅಲ್ಲಿದೆ.

1995ರ ಮೊದಲ ಸಭೆ ಭಾರಿ ಕ್ವಾರ್ಕ್‌ಗಳ ಬಗ್ಗೆ. ಪ್ರೋಟಾನಿನಂಥ ಕಣಗಳ ಒಳಗಿರುವ ಮೂಲಕಣಗಳೇ ಕ್ವಾರ್ಕ್‌ಗಳು. ಸೈದ್ಧಾಂತಿಕ ವಿಜ್ಞಾನಿ ಕ್ಯಾಸ್ಪರ್ ಜಲೆವ್ಸ್ಕಿ ಅವರ ಅರವತ್ತನೆಯ ಹುಟ್ಟುಹಬ್ಬದ ಗೌರವಾರ್ಥ ನಡೆದ ಸಭೆ ಅದು. ಅವುಗಳಲ್ಲಿ ಅತಿ ಭಾರದ ಟಾಪ್ ಕ್ವಾರ್ಕ್ ಇರುವ ಸುಳಿವು ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಿಂದ 1994ರ ಏಪ್ರಿಲ್‌ನಲ್ಲಿ ಬಂದಿತ್ತು. ಸಿಕ್ಕೇ ಬಿಟ್ಟಿತು ಎಂಬ ಘೋಷಣೆ ಬಂದದ್ದು 1995ರ ಮಾರ್ಚ್ 2ರಂದು. ಕ್ರಾಕೋವ್‌ನ ಸಭೆ ಆ ಎರಡರ ನಡುವಿನ ಜನವರಿಯಲ್ಲಿ ಕೂತಿತ್ತು. ಸಿಕ್ಕಿದೆಯೆಂದು ಬಹುತೇಕ ಎಲ್ಲರಿಗೂ ಅನಿಸಿದ್ದರೂ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

2000ದ ವಿಷಯ ನ್ಯೂಟ್ರಿನೊ, ಬಹುತೇಕ ಎಲ್ಲದರ ಮೂಲಕವೂ ತೂರಿಹೋಗುವ ಅತಿ ಹಗುರ ಕಣ. ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆ ಎಂದು ಜಪಾನಿನ ಸೂಪರ್ ಕಾಮಿಯೊಕಾಂಡೆ 1998ರಲ್ಲಿ ತೋರಿಸಿತ್ತು. ಸೂರ್ಯನಿಂದ ಬರುವ ನ್ಯೂಟ್ರಿನೊಗಳ ಲೆಕ್ಕ ತಪ್ಪುತ್ತಿದ್ದುದು ಏಕೆಂಬುದನ್ನು ಕೆನಡಾದ ಸಡ್ಬರಿ ಪ್ರಯೋಗ ಇನ್ನೂ ಬಿಡಿಸಿರಲಿಲ್ಲ. ಅರ್ಧ ಉತ್ತರ ಕೈಯಲ್ಲಿದ್ದಾಗ ನಡೆದ ಚರ್ಚೆ ಅದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2009ರದು. ಎಲ್‌ಎಚ್‌ಸಿಯ ಅರುಣೋದಯದಲ್ಲಿ ಹೇಡ್ರಾನ್‌ಗಳ (ಕ್ವಾರ್ಕ್‌ಗಳಿಂದಾದ ಕಣಗಳ) ವರ್ತನೆ ಎಂಬುದು ಆ ವರ್ಷದ ವಿಷಯ. ಕ್ರಾಕೋವ್‌ನವರೇ ಆದ ಯಾನ್ ಕ್ವಿಯೆಚಿನ್ಸ್ಕಿ ಅವರ ನೆನಪಿಗೆ ಅರ್ಪಿತ. ಆದರೆ 2008ರ ಸೆಪ್ಟೆಂಬರ್ 19ರಂದು ಆಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಜೋಡಣೆ ಕೈಕೊಟ್ಟು, ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿ ಯಂತ್ರ ನಿಂತುಹೋಗಿತ್ತು. ಅರುಣೋದಯದ ಸಭೆ ಕೂಡಿದಾಗ ಸೂರ್ಯನೇ ದುರಸ್ತಿಯಲ್ಲಿದ್ದ. ಯಂತ್ರ ಮತ್ತೆ ಚಾಲೂ ಆದದ್ದು ಅದೇ ವರ್ಷದ ನವೆಂಬರ್‌ನಲ್ಲಿ. 2011ರ ಸಭೆಯ ವಿಷಯ ಎಲ್‌ಎಚ್‌ಸಿಯ ಮೊದಲ ವರ್ಷ. ಆಗಂತೂ ಮಾತಿಗೆ ನಿಜವಾದ ದತ್ತಾಂಶವಿತ್ತು.

ಆಮೇಲಿನವು ಬೇಗ ಹೇಳಿ ಮುಗಿಸಬಹುದು: ಭವಿಷ್ಯದ ಕೊಲೈಡರ್‌ಗಳು (ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರಗಳು), ಭಾರಿ ಅಯಾನುಗಳು, 2022ರಲ್ಲಿ ಖಗೋಳ ಕಣ ಭೌತಶಾಸ್ತ್ರ, 2023ರಲ್ಲಿ ಅಮೆರಿಕದಲ್ಲಿ ಕಟ್ಟಲಿರುವ ಎಲೆಕ್ಟ್ರಾನ್–ಅಯಾನು ಕೊಲೈಡರ್, 2024ರಲ್ಲಿ ನಿಖರ ಲೆಕ್ಕಾಚಾರ.

ಎಲ್ಲ ಪ್ರಬಂಧಗಳೂ ಆರ್ಕೈವ್ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುವಾಗ ಚಳಿಯಲ್ಲಿ ಅಷ್ಟು ದೂರ ಹೋಗುವುದು ಏಕೆ?

2016ರ ಜನವರಿಯನ್ನೇ ನೋಡಿ. 2015ರ ಡಿಸೆಂಬರ್ ಮಧ್ಯದಲ್ಲಿ ಎಲ್‌ಎಚ್‌ಸಿಯ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳೆರಡೂ ದತ್ತಾಂಶದ ನಕ್ಷೆಯಲ್ಲಿ ಒಂದು ವಿಚಿತ್ರ ಉಬ್ಬನ್ನು ತೋರಿಸಿದವು: ಎರಡು ಫೋಟಾನ್‌ಗಳಾಗಿ, ಅಂದರೆ ಬೆಳಕಿನ ಕಣಗಳಾಗಿ ಸಿಡಿಯುವ, 750 ಜಿಇವಿ (ಕಣಗಳ ದ್ರವ್ಯರಾಶಿಯ ಅಳತೆಮಾನ) ದ್ರವ್ಯರಾಶಿಯ ಏನೋ ಒಂದು. ಹಿಗ್ಸ್‌ಗಿಂತ ಆರು ಪಟ್ಟು ಭಾರ. ಕ್ರಿಸ್‌ಮಸ್ ರಜೆಯಲ್ಲೂ ಪ್ರಬಂಧಗಳ ಮಳೆ ಸುರಿಯಿತು. ಎಲ್‌ಎಚ್‌ಸಿಯ ಎರಡನೆಯ ಸುತ್ತನ್ನೇ ವಿಷಯವಾಗಿ ಇಟ್ಟುಕೊಂಡಿದ್ದ ಎಪಿಫನಿ ಸಮ್ಮೇಳನ ಕೂಡಿದ್ದು ಆ ಗದ್ದಲ ತಾರಕಕ್ಕೇರಿದ್ದಾಗ.

ಬರೆದ ಪ್ರಬಂಧದಲ್ಲಿ ಲೇಖಕ ತನ್ನ ಅನುಮಾನವನ್ನು ಅಡಿಟಿಪ್ಪಣಿಯಲ್ಲಿ ಅಡಗಿಸಬಹುದು. ಎದುರಿಗೆ ಕೂತವರು ಕೇಳಿದಾಗ ಮುಖ ಮುಚ್ಚಿಕೊಳ್ಳಲಾಗದು. ದತ್ತಾಂಶ ಎಷ್ಟು ತೆಳುವಾಗಿದೆ, ಎಷ್ಟು ಕಡೆ ಹುಡುಕಿದ ಮೇಲೆ ಈ ಒಂದು ಕಡೆ ಉಬ್ಬು ಕಂಡಿತು, ಇನ್ನಷ್ಟು ದತ್ತಾಂಶ ಬಂದರೆ ಉಳಿಯುತ್ತದೆಯೇ ಎಂಬ ಮಾತುಗಳಿಗೆ ಕಾಫಿ ವಿರಾಮದಂಥ ಜಾಗ ಇನ್ನೊಂದಿಲ್ಲ. ಆಗಸ್ಟ್ ಹೊತ್ತಿಗೆ, ಷಿಕಾಗೊದ ದೊಡ್ಡ ಸಮ್ಮೇಳನದಲ್ಲಿ, ಹೊಸ ದತ್ತಾಂಶದ ಮುಂದೆ ಆ ಉಬ್ಬು ಕರಗಿಹೋಯಿತು. ಪ್ರಬಂಧಗಳು ಉಳಿದವು.

ಇದಕ್ಕೂ ಮೊರಿಯಾಂಡ್, ಐಚೆಪ್ ಮುಂತಾದವಕ್ಕೂ ಏನು ವ್ಯತ್ಯಾಸ?

ಐಚೆಪ್ ಎರಡು ವರ್ಷಕ್ಕೊಮ್ಮೆ ದೇಶದಿಂದ ದೇಶಕ್ಕೆ ಸುತ್ತುವ ಮಹಾಸಮ್ಮೇಳನ. ಸಾವಿರದ ಲೆಕ್ಕದಲ್ಲಿ ಜನ, ಏಕಕಾಲಕ್ಕೆ ಹಲವು ಸಭಾಂಗಣ. ಮೊರಿಯಾಂಡ್ 1966ರಿಂದ ನಡೆದುಬಂದದ್ದು, ಹಿಮಬೆಟ್ಟದ ಊರಿನಲ್ಲಿ. ಹೊಸ ಫಲಿತಾಂಶಗಳನ್ನು ಬಿಡುಗಡೆ ಮಾಡಲು ಪ್ರಯೋಗ ತಂಡಗಳು ಅದಕ್ಕಾಗಿ ಕಾಯುತ್ತವೆ. ಎಪಿಫನಿ ಚಿಕ್ಕದು, ಒಂದೇ ಊರಿನದು, ಒಂದೇ ವಿಷಯದ್ದು. ಕ್ರಾಕೋವ್‌ಗೆ ದೊಡ್ಡ ಸಭೆ ನಡೆಸಿಯೂ ಗೊತ್ತು: ಯುರೋಪಿಯನ್ ಫಿಸಿಕಲ್ ಸೊಸೈಟಿಯ ಕಣ ಭೌತಶಾಸ್ತ್ರ ಸಮ್ಮೇಳನ 2009ರ ಜುಲೈನಲ್ಲಿ ಅಲ್ಲಿಯೇ ನಡೆಯಿತು.

ಪ್ರಶ್ನೆ ಕೇಳಲು ಭಯವಾಗುತ್ತದೆ. ದಡ್ಡ ಪ್ರಶ್ನೆ ಎಂದು ನಕ್ಕರೆ?

ನಗುವುದಿಲ್ಲ. ಭಯ ಹೋಗದಿದ್ದರೆ ಉಪನ್ಯಾಸ ಮುಗಿದ ಮೇಲೆ ಭಾಷಣಕಾರರ ಬಳಿ ಹೋಗಿ, ಅವರ ಸ್ಲೈಡ್‌ನ ಸಂಖ್ಯೆ ಹೇಳಿ ಕೇಳಿ. ಸ್ಲೈಡ್ ಸಂಖ್ಯೆ ನೆನಪಿಟ್ಟುಕೊಂಡು ಬಂದವರ ಜೊತೆ ಮಾತನಾಡಲು ಯಾವ ವಿಜ್ಞಾನಿಯೂ ಬೇಡವೆನ್ನುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಹಿರಿಯರ ಮಾತಿಗೆ ಎದುರಾಡಬಾರದೆಂಬ ಶಿಸ್ತು ಮೈಗೂಡಿರುತ್ತದೆ. ಅಲ್ಲಿ ಪ್ರಶ್ನೆಯೇ ಬಾರದಿದ್ದರೆ ಭಾಷಣಕಾರರಿಗೆ ಬೇಸರ.

## ಹೋಗಬೇಕೆನ್ನುವವರಿಗೆ

ನಾನು ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ಈಗಲೇ ಅರ್ಜಿ ಹಾಕಬಹುದೇ?

ಹಾಕಬಹುದು ಎಂಬುದು ನಿಯಮದ ಮಾತು, ಕಾಯಿರಿ ಎಂಬುದು ನನ್ನ ಮಾತು. ಇಲ್ಲಿನ ಉಪನ್ಯಾಸಗಳು ಸಂಶೋಧಕರು ಸಂಶೋಧಕರಿಗೆ ಹೇಳುವಂಥವು. ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಒಂದು ಪೂರ್ಣ ಪಾಠ ಮುಗಿಸದೆ ಹೋದರೆ ಎರಡನೆಯ ಸ್ಲೈಡ್‌ಗೇ ದಾರಿ ತಪ್ಪುತ್ತದೆ. ಪಿಎಚ್.ಡಿ.ಯ ಎರಡನೆಯ ಅಥವಾ ಮೂರನೆಯ ವರ್ಷ, ಹೇಳಲು ನಿಮ್ಮದೇ ಒಂದು ಫಲಿತಾಂಶವಿದ್ದಾಗ ಹೋಗಿ. ಕಿರಿಯ ಸಂಶೋಧಕರ ಕಿರು ಉಪನ್ಯಾಸಗಳಿಗೆ ಅಲ್ಲಿ ಜಾಗವಿದೆ.

ಅಲ್ಲಿಯವರೆಗೆ ಆಯಾ ವರ್ಷದ ಕಾರ್ಯಕ್ರಮ ಪಟ್ಟಿಯ ಜೊತೆಗಿರುವ ಸ್ಲೈಡ್‌ಗಳನ್ನು ಓದುವುದು ರೂಢಿ ಮಾಡಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉನ್ನತ ಶಕ್ತಿ ಭೌತಶಾಸ್ತ್ರ ಕೇಂದ್ರದಲ್ಲಿ ನಡೆಯುವ ವಿಚಾರಗೋಷ್ಠಿಗಳು ಬಸ್ ಚಾರ್ಜಿನ ದೂರದಲ್ಲಿವೆ ಎಂಬುದನ್ನೂ ಮರೆಯಬೇಡಿ.

ಆಹ್ವಾನ ಪತ್ರ ಬಂದಿದೆ. ಖರ್ಚೆಲ್ಲ ಅವರದೇ ತಾನೇ?

ಅಲ್ಲ. ವೀಸಾಕ್ಕಾಗಿ ಕೊಡುವ ಆಹ್ವಾನ ಪತ್ರ ಬೇರೆ, ಖರ್ಚು ಕೊಟ್ಟು ಕರೆಸುವುದು ಬೇರೆ. ಈ ಎರಡನ್ನು ಒಂದೇ ಎಂದುಕೊಂಡು ಪೇಚಿಗೆ ಸಿಕ್ಕವರು ಇದ್ದಾರೆ. ಪತ್ರದಲ್ಲಿ ಪ್ರಯಾಣ, ವಸತಿ, ನೋಂದಣಿ ಶುಲ್ಕ ಇವುಗಳಲ್ಲಿ ಯಾವುದನ್ನು ಅವರು ಭರಿಸುತ್ತಾರೆಂದು ಬರೆದಿದೆಯೋ ಅಷ್ಟೇ ಅವರದು. ಏನೂ ಬರೆದಿಲ್ಲವೆಂದರೆ ಏನೂ ಇಲ್ಲ. ಉಳಿದದ್ದಕ್ಕೆ ನಿಮ್ಮ ಮಾರ್ಗದರ್ಶಕರ ಯೋಜನೆಯ ಹಣ, ಸಂಸ್ಥೆಯ ಪ್ರಯಾಣ ನಿಧಿ, ಕೇಂದ್ರ ಸರ್ಕಾರದ ವಿಜ್ಞಾನ ನಿಧಿಗಳ ಪ್ರಯಾಣ ನೆರವು ಇವುಗಳ ಬಾಗಿಲು ತಟ್ಟಬೇಕು. ಸಮ್ಮೇಳನ ಜನವರಿಯಲ್ಲಾದ್ದರಿಂದ ದಸರಾ ಹೊತ್ತಿಗೆ ಅರ್ಜಿಗಳು ಹೊರಟಿರಲಿ.

ವೀಸಾ ಯಾವುದು? ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕು, ಹಾಗಾದರೆ ಜರ್ಮನಿಯ ವೀಸಾ ಬೇಕೇ?

ಷೆಂಗೆನ್ ವೀಸಾ ಒಂದೇ ಸಾಕು. ಪೋಲೆಂಡ್ 2007ರ ಕೊನೆಯಿಂದ ಆ ವಲಯದಲ್ಲಿದೆ. ನೀವು ಹೆಚ್ಚು ದಿನ ಇರುವ ದೇಶ ಪೋಲೆಂಡ್ ಆದ್ದರಿಂದ ಅರ್ಜಿ ಪೋಲೆಂಡಿಗೇ ಹಾಕಬೇಕು. ಗಡಿ ತಪಾಸಣೆ ನಡೆಯುವುದು ಮಾತ್ರ ಮೊದಲು ಇಳಿಯುವ ಫ್ರಾಂಕ್‌ಫರ್ಟ್‌ನಲ್ಲಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕ್ರಿಸ್‌ಮಸ್ ಹೊತ್ತಿಗೆ ಎಲ್ಲ ಕಚೇರಿಗಳೂ ನಿಧಾನವಾಗುತ್ತವೆ ಎಂಬುದು ಲೆಕ್ಕದಲ್ಲಿರಲಿ.

ಅಲ್ಲಿ ಚಲಾವಣೆಯಲ್ಲಿರುವುದು ಯೂರೊ ಅಲ್ಲ, ಜ್ವೋಟಿ. ವಿಮಾನ ನಿಲ್ದಾಣದ ಹಣ ವಿನಿಮಯ ಕೌಂಟರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಬದಲಿಸಬೇಡಿ, ದರ ದುಬಾರಿ. ನಿಲ್ದಾಣದಿಂದ ನಗರದ ಮುಖ್ಯ ರೈಲು ನಿಲ್ದಾಣಕ್ಕೆ ರೈಲು ಇದೆ.

ಮಗಳು ಒಬ್ಬಳೇ ಹೋಗುತ್ತಿದ್ದಾಳೆ. ಚಳಿ ಎಷ್ಟಿರುತ್ತದೆ? ಏನೇನು ಕಟ್ಟಿಕೊಡಲಿ?

ತಾಪಮಾನ ಸೊನ್ನೆಯ ಆಚೀಚೆ. ಕೆಲವು ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಆದರೆ ನಮ್ಮವರನ್ನು ನಿಜವಾಗಿ ಕಂಗೆಡಿಸುವುದು ಚಳಿಯಲ್ಲ, ಕತ್ತಲೆ. ಜನವರಿಯ ಮೊದಲ ವಾರ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗುತ್ತದೆ. ಸಭೆ ಮುಗಿಸಿ ಹೊರಬಂದರೆ ರಾತ್ರಿ. ಕಟ್ಟಡಗಳ ಒಳಗೆ ಬೆಚ್ಚಗಿರುವುದರಿಂದ ಒಂದು ದಪ್ಪ ಕೋಟು, ಅದರೊಳಗೆ ತೆಗೆದು ಹಾಕಬಹುದಾದ ಪದರಗಳು, ಕಿವಿ ಮುಚ್ಚುವ ಟೋಪಿ, ಜಾರದ ಅಡಿಯ ಬೂಟು ಇರಲಿ. ಬೂಟಿನ ವಿಷಯದಲ್ಲಿ ಜಿಪುಣತನ ಬೇಡ. ಹಳೆಯ ಪೇಟೆಯ ಕಲ್ಲುಹಾಸಿನ ಮೇಲೆ ಮಂಜು ಗಟ್ಟಿಯಾದರೆ ಕಾಲು ನಿಲ್ಲುವುದಿಲ್ಲ.

ಉಸಿರಿನ ತೊಂದರೆ ಇರುವವರು ಔಷಧ ಒಯ್ಯಲೇಬೇಕು. ತಗ್ಗಿನಲ್ಲಿರುವ ಊರು, ಚಳಿಗಾಲದ ಹೊಗೆ ಮೇಲೇಳದೆ ಅಲ್ಲೇ ಕವಿಯುತ್ತದೆ. ಮನೆ ಬೆಚ್ಚಗಿಡಲು ಕಲ್ಲಿದ್ದಲು, ಸೌದೆ ಉರಿಸುವುದನ್ನು ನಗರದೊಳಗೆ 2019ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದ್ದಾರೆ. ಮೊದಲಿಗಿಂತ ವಾಸಿ, ಆದರೆ ಸುತ್ತಲಿನ ಊರುಗಳ ಹೊಗೆ ಗಡಿ ನೋಡಿ ನಿಲ್ಲುವುದಿಲ್ಲ.

ಇನ್ನು ಒಬ್ಬಳೇ ಹೋಗುವ ವಿಷಯ. ಟ್ರಾಮ್‌ಗಳು ರಾತ್ರಿ ತಡವಾಗಿಯೂ ಓಡುತ್ತವೆ, ವಿದ್ಯಾರ್ಥಿಗಳಿಂದ ತುಂಬಿದ ಊರು. ಎಲ್ಲ ಊರಿನಲ್ಲೂ ಇರುವಷ್ಟು ಎಚ್ಚರ ಸಾಕು. ವಸತಿ ಕಾಯ್ದಿರಿಸುವ ಮುಂಚೆ ಆ ವರ್ಷದ ಸಭೆ ಯಾವ ಕಟ್ಟಡದಲ್ಲೆಂದು ನೋಡಿ: ಸಂಸ್ಥೆಯ ಆವರಣ ಬ್ರೊನೊವಿಟ್ಸೆ ಕಡೆ, ಹಳೆಯ ಪೇಟೆಯಿಂದ ನಡೆದು ಹೋಗುವ ದೂರದಲ್ಲಿಲ್ಲ. ಹಬ್ಬದ ದಿನವೇ ತಲುಪುವುದಾದರೆ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ; ಚೀಲದಲ್ಲಿ ಒಂದು ಹೊತ್ತಿನ ಊಟ ಇರಲಿ.

ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳುವುದೇ ಗತಿಯೇ?

ಹಾಗೇನಿಲ್ಲ. ಆಲೂಗಡ್ಡೆ ಮತ್ತು ಮೊಸರಿನ ಗಿಣ್ಣು ತುಂಬಿದ ರೂಸ್ಕೆ ಪಿಯೆರೋಗಿ ಎಲ್ಲೆಡೆ ಸಿಗುತ್ತದೆ. ಆದರೆ ಅದರ ಮೇಲೆ ಹುರಿದ ಹಂದಿಯ ಕೊಬ್ಬಿನ ಚೂರು ಉದುರಿಸುವ ಪದ್ಧತಿಯಿದೆ, ಬೇಡವೆಂದು ಮೊದಲೇ ಹೇಳಬೇಕು. ಊಟಕ್ಕೆ ಮುಂಚೆ ಬ್ರೆಡ್ ಜೊತೆ ತಂದಿಡುವ ಬಿಳಿಯ ಬೆಣ್ಣೆಯಂಥದ್ದು ಬೆಣ್ಣೆಯಲ್ಲ, ಹಂದಿಯ ಕೊಬ್ಬು. ಹಲವರು ತಿಂದ ಮೇಲೆ ತಿಳಿದುಕೊಂಡಿದ್ದಾರೆ. ಜುರೆಕ್ ಎಂಬ ಹುಳಿ ಸಾರಿನಲ್ಲಿ ಸಾಸೇಜ್ ಇರುತ್ತದೆ. ಮಾಂಸವಿಲ್ಲದ್ದು ಕೊಡಿ ಎಂದರೆ ಮೀನು ತಂದಿಟ್ಟರೆ ಅಚ್ಚರಿಪಡಬೇಡಿ, ಅಲ್ಲಿನ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಬೀದಿ ಬದಿಯ ತಳ್ಳುಗಾಡಿಗಳಲ್ಲಿ ಮಾರುವ ಒಬ್ವಾಜಾನೆಕ್ ಎಂಬ ಬಳೆಯಾಕಾರದ ರೊಟ್ಟಿ ನಿಶ್ಚಿಂತೆಯಿಂದ ತಿನ್ನಬಹುದು.

ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಒಯ್ಯಿರಿ. ತುಪ್ಪ, ಖೋವಾ ಬೇಡ: ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ.

ಅರ್ಧ ದಿನ ಬಿಡುವು ಸಿಕ್ಕರೆ ಎಲ್ಲಿಗೆ ಹೋಗಲಿ?

ಕೊಲೇಜಿಯಂ ಮಾಯುಸ್‌ಗೆ. ವಿಶ್ವವಿದ್ಯಾಲಯದ ಅತ್ಯಂತ ಹಳೆಯ ಕಟ್ಟಡ, ಈಗ ವಸ್ತುಸಂಗ್ರಹಾಲಯ. ಅಮೆರಿಕದ ಹೆಸರನ್ನು ಕೆತ್ತಿರುವ ಅತಿ ಹಳೆಯ ಭೂಗೋಳಗಳಲ್ಲಿ ಒಂದು, ಸುಮಾರು 1510ರದು, ಅಲ್ಲಿದೆ. ಪೂರ್ತಿ ದಿನವಿದ್ದರೆ ವಿಯೆಲಿಚ್ಕಾದ ಉಪ್ಪಿನ ಗಣಿ.

## ಇನ್ನೂ ಆಳಕ್ಕೆ

ಬೇರೆಯವರನ್ನು ಕರೆಸಿ ಭಾಷಣ ಮಾಡಿಸುವುದಷ್ಟೇ ಅವರ ಕೆಲಸವೋ, ಕ್ರಾಕೋವ್‌ನವರೂ ಏನಾದರೂ ಸಾಧಿಸಿದ್ದಾರೋ?

ಇದನ್ನು ಕೇಳಿದವರು ಸ್ವಲ್ಪ ಸಿಟ್ಟಿನಲ್ಲೇ ಕೇಳಿದ್ದರು. ಉತ್ತರದಲ್ಲಿ ಬೆಂಗಳೂರೂ ಬರುತ್ತದೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಸೆರ್ನ್‌ನಲ್ಲಿ 1989ರಿಂದ 2000ದವರೆಗೆ ಎಲ್‌ಇಪಿ ಎಂಬ ಯಂತ್ರ ಎಲೆಕ್ಟ್ರಾನ್‌ಗಳನ್ನೂ ಅವುಗಳ ಪ್ರತಿಕಣಗಳಾದ ಪಾಸಿಟ್ರಾನ್‌ಗಳನ್ನೂ ಎದುರುಬದುರು ಡಿಕ್ಕಿ ಹೊಡೆಸಿತು. ಲಕ್ಷಾಂತರ ಝಡ್ ಬೋಸಾನ್ ಎಂಬ ಭಾರಿ ಕಣಗಳು ಸಿಕ್ಕವು. ಎಷ್ಟು ಸಿಕ್ಕವು ಎಂಬುದಕ್ಕೆ ಅರ್ಥ ಬರಬೇಕಾದರೆ ಒಟ್ಟು ಎಷ್ಟು ಡಿಕ್ಕಿಗಳಿಗೆ ಅವಕಾಶವಿತ್ತು ಎಂಬುದು ಗೊತ್ತಿರಬೇಕು. ತಕ್ಕಡಿಯೇ ತಪ್ಪಿದ್ದರೆ ತೂಗಿದ್ದೆಲ್ಲ ತಪ್ಪು. ಈ ಅಳತೆಗೆ ಬಳಸಿದ್ದು, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಹತ್ತಿರ ಬಂದು ಸ್ವಲ್ಪವೇ ಬಾಗಿ ದೂರ ಸರಿಯುವ ಘಟನೆಯನ್ನು. ಅದರ ಸಂಭವನೀಯತೆಯನ್ನು ಸಿದ್ಧಾಂತದಿಂದ ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು. ಎಣಿಸಿದ ಸಂಖ್ಯೆಯನ್ನು ಲೆಕ್ಕದ ಸಂಖ್ಯೆಯಿಂದ ಭಾಗಿಸಿದರೆ ಅಳತೆ ಸಿಕ್ಕಿತು.

ಆ ಘಟನೆಯ ಹೆಸರು ಭಾಭಾ ಚದುರುವಿಕೆ. ಹೋಮಿ ಭಾಭಾ ಕೇಂಬ್ರಿಜ್‌ನಲ್ಲಿದ್ದಾಗ ಅದರ ಲೆಕ್ಕ ಮಾಡಿದರು, 1936ರಲ್ಲಿ ಅದು ಪ್ರಕಟವಾಯಿತು. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿದು, ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ ವಿಶ್ವಕಿರಣಗಳ ಸಂಶೋಧನಾ ಘಟಕ ಕಟ್ಟಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕಣ್ತೆರೆದದ್ದು ಬೆಂಗಳೂರಿನ ಆ ಘಟಕದಲ್ಲೇ. ಅದೇ ವರ್ಷ ಮುಂಬಯಿಗೆ ಹೋಯಿತು.

ಭಾಭಾ ಮಾಡಿದ್ದು ಮೊದಲ ಹಂತದ ಲೆಕ್ಕ. ಎಲ್‌ಇಪಿಗೆ ಬೇಕಾದದ್ದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ದೋಷ. ಬಾಗುವಾಗ ಹೊರಹೊಮ್ಮುವ ಫೋಟಾನ್‌ಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವ ಬಿಎಚ್‌ಲುಮಿ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಕ್ರಾಕೋವ್‌ನ ಸ್ತಾನಿಸ್ವಾವ್ ಯಾದಾಖ್ ಮತ್ತು ಸಂಗಡಿಗರು ಬರೆದರು. ಎಲ್‌ಇಪಿಯ ನಾಲ್ಕೂ ಪ್ರಯೋಗಗಳು ಅದನ್ನೇ ನೆಚ್ಚಿದವು. ಬಿಎಚ್ ಎಂಬ ಅಕ್ಷರಗಳು ಭಾಭಾ ಅವರವು.

ಫಲ ಏನು? ಹಗುರ ನ್ಯೂಟ್ರಿನೊಗಳ ಬಗೆ ಎಷ್ಟು ಎಂಬ ಪ್ರಶ್ನೆಗೆ ಎಲ್‌ಇಪಿ ಕೊಟ್ಟ ಉತ್ತರ 2.984, ದೋಷ 0.008. ಮೂರು ಎನ್ನಲು ಅಡ್ಡಿಯಿಲ್ಲ, ಆದರೆ ದೋಷದ ಎರಡು ಪಟ್ಟಿನಷ್ಟು ಕಡಿಮೆ. ಆ ಕೊರತೆ ವರ್ಷಗಟ್ಟಲೆ ಹಾಗೇ ಉಳಿಯಿತು. ಯಂತ್ರ ಕಳಚಿ ಎರಡು ದಶಕ ಕಳೆದ ಮೇಲೆ, ಕಿರಣದ ಒಳಗಿನ ವಿದ್ಯುತ್ ಸೆಳೆತದ ಪರಿಣಾಮವನ್ನು ಸರಿಪಡಿಸಿ, ಭಾಭಾ ಚದುರುವಿಕೆಯ ಲೆಕ್ಕವನ್ನು ಯಾದಾಖ್ ಮತ್ತು ಪ್ಯಾಟ್ರಿಕ್ ಜಾನೋ ಮತ್ತೆ ಉತ್ತಮಪಡಿಸಿದಾಗ ಸಂಖ್ಯೆ 2.9963ಕ್ಕೆ ಏರಿತು. ಕೊರತೆ ಮಾಯ. ಹೊಸ ದತ್ತಾಂಶ ಒಂದು ಚೂರೂ ಬೇಕಾಗಲಿಲ್ಲ. ಯಾದಾಖ್ 2023ರಲ್ಲಿ ತೀರಿಕೊಂಡರು. 2024ರ ಎಪಿಫನಿ ಸಮ್ಮೇಳನ ಅವರ ನೆನಪಿನದು.

ಕೋಲಾರದ ಗಣಿಯಲ್ಲಿ ನ್ಯೂಟ್ರಿನೊ ಪ್ರಯೋಗ ನಡೆದಿತ್ತು ಎನ್ನುತ್ತಾರೆ. ಇಂಥ ಸಮ್ಮೇಳನಗಳಲ್ಲಿ ಅದರ ಮಾತು ಬರುತ್ತದೆಯೇ?

ಭೂಗರ್ಭ ಪ್ರಯೋಗಾಲಯಗಳ ಚರಿತ್ರೆ ಹೇಳುವವರು ಕೋಲಾರವನ್ನು ಬಿಟ್ಟು ಹೇಳಲಾರರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಮೊದಲು ಕಂಡವರು ಇಬ್ಬರು: ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಒಂದು ತಂಡ, ಕೆಜಿಎಫ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಒಸಾಕಾ ಮತ್ತು ಡರ್ಹ್ಯಾಂ ವಿಶ್ವವಿದ್ಯಾಲಯಗಳ ಜಂಟಿ ತಂಡ. 1980ರ ದಶಕದಲ್ಲಿ ಪ್ರೋಟಾನ್ ಕೊಳೆಯುತ್ತದೆಯೇ ಎಂದೂ ಅಲ್ಲಿ ಹುಡುಕಿದರು. ಎಪಿಫನಿಯ 2010ರ ವಿಷಯ ಭೂಗರ್ಭ ಪ್ರಯೋಗಾಲಯಗಳು. ಪೋಲೆಂಡಿನವರು ತಮ್ಮ ಸಿಯೆರೊಷೊವಿಟ್ಸೆ ಗಣಿಯ ಉಪ್ಪಿನ ಪದರದಲ್ಲಿ ಅಂಥದ್ದೊಂದನ್ನು ಮಾಡಬಹುದೇ ಎಂದು ಆಗ ಲೆಕ್ಕ ಹಾಕುತ್ತಿದ್ದರು. ನಮ್ಮ ಗಣಿ 2001ರಲ್ಲೇ ಮುಚ್ಚಿತ್ತು.

ಸಮ್ಮೇಳನದ ಸಂಪುಟದಲ್ಲಿ ಅಚ್ಚಾದ ಲೇಖನಕ್ಕೆ ಬಯೊಡೇಟಾದಲ್ಲಿ ಬೆಲೆ ಇದೆಯೇ?

ಸ್ವತಂತ್ರ ಪ್ರಬಂಧಕ್ಕಿರುವಷ್ಟು ಇಲ್ಲ. ಎಪಿಫನಿಯ ಉಪನ್ಯಾಸಗಳು ಆಕ್ಟಾ ಫಿಸಿಕಾ ಪೊಲೊನಿಕಾ ಬಿ ಪತ್ರಿಕೆಯಲ್ಲೋ ಅದರ ಪುರವಣಿಯಲ್ಲೋ ಬರುತ್ತವೆ. ಪತ್ರಿಕೆಯ ಮೂಲ 1920ರದು, ಓದಲು ಹಣ ಕೊಡಬೇಕಿಲ್ಲ. ಆಯ್ಕೆ ಸಮಿತಿಗಳು ಇವನ್ನು ಬೇರೆ ಪಟ್ಟಿಯಲ್ಲಿ ಎಣಿಸುತ್ತವೆ. ಆದರೆ ಓದುವವರಿಗೆ ಇವು ಬಂಗಾರ. ಒಂದು ವಿಷಯಕ್ಕೆ ಹೊಸಬರಾದ ಪಿಎಚ್.ಡಿ. ವಿದ್ಯಾರ್ಥಿ ಆ ವಿಷಯದ ಎಪಿಫನಿ ಸಂಪುಟ ಹಿಡಿದು ಕೂತರೆ, ಹತ್ತಾರು ತಜ್ಞರು ಒಬ್ಬೊಬ್ಬರೂ ಕೆಲವೇ ಪುಟಗಳಲ್ಲಿ ತಮ್ಮ ಭಾಗವನ್ನು ಹೇಳಿರುತ್ತಾರೆ.

ಪ್ರತಿ ವರ್ಷ ಸ್ಟ್ಯಾಂಡರ್ಡ್ ಮಾಡೆಲ್ ಬಿರುಕು ಬಿಟ್ಟಿತು ಎಂದು ಓದುತ್ತೇವೆ, ಮರುವರ್ಷ ಸುದ್ದಿಯೇ ಇರುವುದಿಲ್ಲ. ನಂಬುವುದು ಯಾವುದನ್ನು?

ಸ್ಟ್ಯಾಂಡರ್ಡ್ ಮಾಡೆಲ್ ಎಂದರೆ ಮೂಲಕಣಗಳನ್ನು ವಿವರಿಸುವ ಈಗಿನ ಸಿದ್ಧಾಂತ. ಅದರ ಮೂರು ಬಿರುಕುಗಳ ಗತಿ ನೋಡಿ. ಒಂದು, ಬಿ ಮೆಸಾನ್ ಎಂಬ ಕಣಗಳು ಒಡೆಯುವಾಗ ಎಲೆಕ್ಟ್ರಾನ್ ಮತ್ತು ಅದರ ಭಾರದ ಸೋದರನಾದ ಮ್ಯೂಆನ್‌ಗಳಲ್ಲಿ ಪಕ್ಷಪಾತ ಮಾಡುತ್ತವೆ ಎಂದು ಎಲ್‌ಎಚ್‌ಸಿಯ ಎಲ್‌ಎಚ್‌ಸಿಬಿ ಪ್ರಯೋಗ 2021ರಲ್ಲಿ ತೋರಿಸಿದ್ದು. ಎಲೆಕ್ಟ್ರಾನ್ ಎಂದು ತಪ್ಪಾಗಿ ಗುರುತಿಸಿದ ಕಣಗಳ ಲೆಕ್ಕ ಸರಿಪಡಿಸಿದಾಗ 2022ರ ಡಿಸೆಂಬರ್‌ನಲ್ಲಿ ಅದು ಹೋಯಿತು. ಎರಡು, ಮ್ಯೂಆನ್‌ನ ಕಾಂತೀಯ ಗುಣ ಲೆಕ್ಕಕ್ಕಿಂತ ಹೆಚ್ಚು ಎಂದದ್ದು. ಅಲ್ಲಿ ಅಳತೆ ಗಟ್ಟಿಯಾಗಿಯೇ ನಿಂತಿತು. 2025ರಲ್ಲಿ ಫರ್ಮಿಲ್ಯಾಬ್ ಕೊಟ್ಟ ಅಂತಿಮ ಸಂಖ್ಯೆ ಕೂಡ ಹಳೆಯದನ್ನೇ ಹೇಳಿತು. ಸರಿದದ್ದು ಸಿದ್ಧಾಂತದ ಲೆಕ್ಕ, ಸರಿದು ಅಳತೆಯ ಹತ್ತಿರಕ್ಕೆ ಬಂತು. ಒಂದರಲ್ಲಿ ಪ್ರಯೋಗ ತಿದ್ದಿಕೊಂಡಿತು, ಇನ್ನೊಂದರಲ್ಲಿ ಸಿದ್ಧಾಂತ. ಬಿರುಕಿನ ಸುದ್ದಿ ಓದಿದಾಗ ಎರಡೂ ಕಡೆಯ ದೋಷ ಎಷ್ಟೆಂದು ಹುಡುಕುವುದು ಇದಕ್ಕಾಗಿ.

ಮೂರನೆಯದು ಡಬ್ಲ್ಯು ಬೋಸಾನ್ ಎಂಬ ಕಣದ ತೂಕ. ಫರ್ಮಿಲ್ಯಾಬ್‌ನ ಸಿಡಿಎಫ್ ತಂಡ 2022ರಲ್ಲಿ 80,433.5 ಎಂಇವಿ (ಜಿಇವಿಯ ಸಾವಿರದಲ್ಲೊಂದು ಪಾಲು) ಎಂದಿತು, ದೋಷ 9.4. ಸಿದ್ಧಾಂತ ಹೇಳುವುದಕ್ಕಿಂತ ಸುಮಾರು 75 ಹೆಚ್ಚು. 2024ರಲ್ಲಿ ಸಿಎಂಎಸ್ 80,360.2 ಎಂದಿತು, ದೋಷ 9.9, ಸಿದ್ಧಾಂತದ ಪಕ್ಕದಲ್ಲೇ. ಅಟ್ಲಾಸ್ ಕೂಡ ಸಿಎಂಎಸ್ ಕಡೆಗಿದೆ. ಬಹುತೇಕರು ಸಿಡಿಎಫ್‌ನಲ್ಲಿ ಎಲ್ಲೋ ಎಡವಟ್ಟಾಗಿದೆ ಎನ್ನುತ್ತಾರೆ, ಎಲ್ಲಿ ಎಂದು ಮಾತ್ರ ಯಾರೂ ತೋರಿಸಿಲ್ಲ. ಸಿಡಿಎಫ್ ತನ್ನ ಸಂಖ್ಯೆಯನ್ನು ಹಿಂತೆಗೆದುಕೊಂಡೂ ಇಲ್ಲ.